ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗಳು ಮತ್ತು ಮೈಗ್ರೇನ್

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿರುವ ಊರುಗಳು. ಇವುಗಳ ನಡುವೆ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುವ ಮಕ್ಕಳಿಗೆ ನಿದ್ದೆ ಸಾಲದು, ಬೆಳಗಿನ ತಿಂಡಿ ತಪ್ಪುತ್ತದೆ, ಮೇಲೆ ಬಿರುಬಿಸಿಲು. ಮೈಗ್ರೇನ್ ಕೆರಳಲು ಇಷ್ಟು ಸಾಕು.

ಇದು ಕಾಲೇಜು ತಪ್ಪಿಸುವ ನೆಪವಲ್ಲ, ಮೆದುಳಿಗೆ ಸಂಬಂಧಿಸಿದ ಕಾಯಿಲೆ. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, 18ರಿಂದ 65 ವರ್ಷದವರ ಪೈಕಿ ಸುಮಾರು ಶೇ. 25 ಮಂದಿಗೆ ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಬಂದಿತ್ತು. ಚಿಕಿತ್ಸೆ ಇಲ್ಲದಿದ್ದರೆ ನೋವು 4ರಿಂದ 72 ಗಂಟೆ ಕಾಡುತ್ತದೆ. ವಾಕರಿಕೆ ಬರುತ್ತದೆ, ಬೆಳಕು, ಸದ್ದು ಸಹಿಸಲಾಗದು.

ಬಸ್ಸು ಹತ್ತುವ ಮುನ್ನ ಒಂದು ರೊಟ್ಟಿಯಾದರೂ ತಿನ್ನಬೇಕು. ಬುತ್ತಿಯ ಜೊತೆಗೆ ನೀರು, ಕೊಡೆ ಇರಲಿ. ರಜೆಯ ದಿನವೂ ಅದೇ ಹೊತ್ತಿಗೆ ಮಲಗಿ ಏಳಬೇಕು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನೋವು ಶುರುವಾದ ಕೂಡಲೇ ನುಂಗಬೇಕು. ಸಂಜೆ ಮನೆ ಸೇರುವವರೆಗೆ ಕಾಯಬಾರದು. ಆದರೆ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಮಾತ್ರೆ ಬೇಕೆನಿಸಿದರೆ ಮತ್ತೆ ವೈದ್ಯರನ್ನು ಕಾಣಬೇಕು. ನೋವಿನ ಮಾತ್ರೆ ಅತಿಯಾದರೆ ಅದೇ ತಲೆನೋವು ತರುತ್ತದೆ. ನೋವು ಪದೇ ಪದೇ ಬಾರದಂತೆ ತಡೆಯುವ ಔಷಧಗಳೂ ಇವೆ. ನೋವು ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಒಮ್ಮೆಲೇ ಸಿಡಿಲು ಬಡಿದಂತೆ ಬರುವ ತಲೆನೋವು, ಜ್ವರದೊಡನೆ ಕುತ್ತಿಗೆ ಬಿಗಿತ, ಕೈಕಾಲಿನಲ್ಲಿ ಬಲಹೀನತೆ, ಮಾತಿನಲ್ಲಿ ತೊದಲು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದ ಮಕ್ಕಳಿದ್ದಾರೆ. ಅಂಥವರನ್ನು ಸೋಮಾರಿ ಎಂದು ಕರೆಯುವ ಮುನ್ನ, ತಲೆನೋವು ಇದೆಯೇ ಎಂದು ನಾವು ಒಮ್ಮೆ ಕೇಳೋಣ.