ಬಾಣಂತಿಗೆ ಎಂಥ ಬಟ್ಟೆ ಪ್ಯಾಡ್?

ಹೆರಿಗೆಯಾಗಿ ಮಾಸು ಕಳಚಿ ಬಿದ್ದ ಮೇಲೆ, ಅದು ಅಂಟಿಕೊಂಡಿದ್ದ ಕಡೆ ಗರ್ಭಕೋಶದ ಒಳಗೋಡೆಯಲ್ಲಿ ಅಂಗೈ ಅಗಲದ ಹಸಿ ಗಾಯ ಉಳಿಯುತ್ತದೆ. ನಾರ್ಮಲ್ ಹೆರಿಗೆಯಾಗಲಿ, ಸಿಸೇರಿಯನ್ ಆಗಲಿ, ಈ ಗಾಯ ಯಾರಿಗೂ ತಪ್ಪಿದ್ದಲ್ಲ. ಆ ಹೊತ್ತಿಗೆ ಸುಮಾರು 1 ಕಿಲೋ ತೂಗುವ ಗರ್ಭಕೋಶ 6 ವಾರಗಳಲ್ಲಿ 100 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಅದು ಕುಗ್ಗುತ್ತ ಹೋದಂತೆ ರಕ್ತನಾಳಗಳ ಬಾಯಿ ಬಿಗಿಯುತ್ತದೆ, ಗಾಯ ಮಾಯುತ್ತದೆ. ಅಲ್ಲಿಯತನಕ ರಕ್ತ, ಲೋಳೆ, ಒಳಪದರದ ಚೂರುಗಳು ಕೂಡಿ ತಿಂಗಳೊಪ್ಪತ್ತು ಸ್ರಾವ ಹೋಗುತ್ತಲೇ ಇರುತ್ತದೆ. ಮುಟ್ಟಿನಂತೆ ಕಂಡರೂ ಇದು ಮುಟ್ಟಲ್ಲ, ಗಾಯ ಮಾಯುವ ಕ್ರಮ. ಆದ್ದರಿಂದ ಮುಟ್ಟಿಗೆ ಒಗ್ಗಿದ ಪ್ಯಾಡ್ ಬಾಣಂತನಕ್ಕೂ ಒಗ್ಗುತ್ತದೆ ಎಂದುಕೊಳ್ಳುವಂತಿಲ್ಲ.

ಗಾಯ ಸರಿಯಾಗಿ ಮಾಯುತ್ತಿದೆಯೇ ಎಂಬುದನ್ನು ಸ್ರಾವದ ಬಣ್ಣವೇ ಹೇಳುತ್ತದೆ. ಮೊದಲ 3–4 ದಿನ ಕಡುಗೆಂಪು, ಆಮೇಲೆ ಸುಮಾರು 10ನೇ ದಿನದವರೆಗೆ ಕಂದು ಬೆರೆತ ಗುಲಾಬಿ, ಅನಂತರ ಹಳದಿ ಛಾಯೆಯ ಬಿಳಿ. ಮಗುವಿಗೆ ಹಾಲೂಡಿಸುವಾಗ ಒಮ್ಮೆಲೇ ಜಾಸ್ತಿ ಹೋದರೆ ಗಾಬರಿ ಬೇಡ. ಮಗು ಚೀಪಿದಾಗ ಆಕ್ಸಿಟೋಸಿನ್ ಹಾರ್ಮೋನು ಉಕ್ಕಿ ಗರ್ಭಕೋಶವನ್ನು ಹಿಂಡುತ್ತದೆ, ಆಗ ಬರುವ ನೋವೂ ಸ್ರಾವವೂ ಅದರ ಕೆಲಸವೇ. ಆದರೆ ತಿಳಿಯಾಗುತ್ತಿದ್ದ ಸ್ರಾವ ಮತ್ತೆ ಕೆಂಪಾಗಿ ಜೋರಾದರೆ, ದೊಡ್ಡ ಪ್ಯಾಡ್ ಒಂದು ಗಂಟೆಯೊಳಗೆ ಪೂರ್ತಿ ತೊಯ್ದರೆ, ನಿಂಬೆಹಣ್ಣಿಗಿಂತ ದಪ್ಪ ಹೆಪ್ಪುಗಳು ಬಿದ್ದರೆ, ದುರ್ವಾಸನೆಯ ಜೊತೆ ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ಅಂಗಡಿಗಳಲ್ಲಿ ಕಲೆ ಕಾಣದಿರಲೆಂದು ಕಪ್ಪು, ಗಾಢ ಬೂದು ಒಳಬಟ್ಟೆಯ ಪ್ಯಾಡುಗಳನ್ನು ಮಾರುತ್ತಾರೆ. ಮುಟ್ಟಿಗೆ ಬೇಕಾದರೆ ಇರಲಿ. ಬಾಣಂತಿಗೆ ಮಾತ್ರ ಬೇಡವೇ ಬೇಡ. ಕೆಂಪು ಕಂದಾಯಿತೇ, ಕಂದು ಮತ್ತೆ ಕೆಂಪಾಯಿತೇ ಎಂದು ನೋಡಬೇಕಾದವಳ ಕಣ್ಣನ್ನೇ ಕಟ್ಟಿಹಾಕುವ ಬಟ್ಟೆ ಅದು. ಮೈಗೆ ತಾಗುವ ಪದರ ಬಿಳಿ ಅಥವಾ ತೆಳು ಬಣ್ಣದ್ದೇ ಆಗಿರಬೇಕು.

ಪ್ರಮಾಣದ ವಿಚಾರದಲ್ಲಿ ಬರಿಗಣ್ಣನ್ನು ಅಷ್ಟಾಗಿ ನಂಬುವಂತಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರೂ ಇದ್ದ ತಂಡವೊಂದು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯ ರಕ್ತವನ್ನು ಅಳತೆಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯ ಚೀಲದಲ್ಲಿ ಹಿಡಿದು ನೋಡಿದರು. ಕಣ್ಣಂದಾಜು ಈ ಅಳತೆಗಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆ ಬಂದಿತ್ತು. ದಿನವೂ ಹೆರಿಗೆ ನೋಡುವವರ ಅಂದಾಜೇ ಹೀಗಾದರೆ ಮನೆಯವರದು ಹೇಗಿರಬಹುದು? ಅದಕ್ಕೆ ಒಂದು ಸುಲಭ ದಾರಿ ಇದೆ. ಹೆರಿಗೆಗೆ ಮುಂಚೆಯೇ ಪ್ಯಾಡನ್ನು ತಟ್ಟೆಯಲ್ಲಿಟ್ಟು, 5 ಮಿ.ಲೀ. ಔಷಧಿ ಚಮಚದಿಂದ ನೀರು ಹೊಯ್ಯುತ್ತ ಹೋಗಿ, ಅಂಚಿನಲ್ಲಿ ಒಸರುವವರೆಗೆ ಚಮಚ ಎಣಿಸಿ. 12 ಚಮಚ ಹಿಡಿದರೆ ಆ ಪ್ಯಾಡಿನ ಅಳತೆ ಸುಮಾರು 60 ಮಿ.ಲೀ. ಎಷ್ಟು ಪ್ಯಾಡ್ ತೊಯ್ದವು ಎಂದು ವೈದ್ಯರಿಗೆ ಹೇಳುವಾಗ ಆ ಎಣಿಕೆಗೆ ಆಗ ಅರ್ಥ ಬರುತ್ತದೆ.

ಈ ಪರೀಕ್ಷೆಯನ್ನು ಹೊಚ್ಚಹೊಸ ಪ್ಯಾಡಿನ ಮೇಲೆ ಮಾಡಿದರೆ ಬೇರೊಂದು ಸಂಗತಿ ಕಾಣಬಹುದು: ನೀರು ಒಳಗಿಳಿಯದೆ ಮಣಿಯಾಗಿ ನಿಂತು, ಬಟ್ಟೆ ವಾಲಿಸಿದರೆ ಜಾರಿಹೋಗುತ್ತದೆ. ಹತ್ತಿಯ ಎಳೆ ಸೆಲ್ಯುಲೋಸಿನದು, ನೀರೆಂದರೆ ಹಿಡಿದಿಟ್ಟುಕೊಳ್ಳುವ ಸ್ವಭಾವ ಅದರದು. ಆದರೆ ಹತ್ತಿಯಲ್ಲೇ ಇರುವ ಮೇಣ, ನೇಯುವಾಗ ಹಾಕಿದ ಗಂಜಿ ಎಳೆಗಳ ಮೇಲೆ ಉಳಿದಿದ್ದರೆ ನೀರು ಒಳಹೊಗಲಾರದು. ಮೂರು ನಾಲ್ಕು ಸಲ ಒಗೆದ ಮೇಲೆ ಅದೇ ಬಟ್ಟೆ ಹನಿಯನ್ನು ಬಿದ್ದ ಕೂಡಲೇ ಕುಡಿಯುತ್ತದೆ. ಬಾಣಂತಿಗೆ ಹಳೇ ಪಂಚೆ, ಹಳೇ ಹತ್ತಿಸೀರೆಯನ್ನೇ ಎತ್ತಿಡುತ್ತಿದ್ದ ಅಜ್ಜಿಯರು ಸರಿಯಾಗಿಯೇ ಗ್ರಹಿಸಿದ್ದರು. ಬಟ್ಟೆ ಮೆತ್ತಗಾಗಲೆಂದು ಕೊನೆಯ ನೀರಿಗೆ ಹಾಕುವ ಪರಿಮಳದ ದ್ರವವನ್ನು ಪ್ಯಾಡಿಗೆ ಬಳಸಬೇಡಿ. ಅದು ಎಳೆಗಳ ಮೇಲೆ ಮತ್ತೆ ಜಿಡ್ಡು ಬಳಿಯುತ್ತದೆ.

‘ಬಿದಿರಿನ ಬಟ್ಟೆ’ ಎಂದು ಹೆಚ್ಚು ಬೆಲೆಗೆ ಮಾರುವುದು ಸಾಮಾನ್ಯವಾಗಿ ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆ ತೆಗೆದ ವಿಸ್ಕೋಸ್. ಚೆನ್ನಾಗಿ ಹೀರುತ್ತದೆ, ನಿಧಾನ ಒಣಗುತ್ತದೆ. ಕ್ರಿಮಿ ಕೊಲ್ಲುತ್ತದೆ ಎಂಬ ಮಾತಿಗೆ ಹಣ ಕೊಡಬೇಕಾಗಿಲ್ಲ.

ಬಾಣಂತಿ ಮಲಗಿರುವುದೇ ಹೆಚ್ಚಾದ್ದರಿಂದ ಸ್ರಾವ ಹಿಂದಕ್ಕೆ ಹರಿಯುತ್ತದೆ. ಪ್ಯಾಡ್ 30 ಸೆಂ.ಮೀ.ಗಿಂತ ಉದ್ದವಿದ್ದು ಹಿಂಬದಿ ಅಗಲವಾಗಿರಲಿ. ಹೆರಿಗೆಯಲ್ಲಿ ಕೆಳಗೆ ಹೊಲಿಗೆ ಬಿದ್ದಿದ್ದರೆ, ಪ್ಯಾಡಿನ ನಡುವೆ ದಪ್ಪ ಹೊಲಿಗೆಸಾಲು ಒತ್ತುವಂತಿರಬಾರದು. ಪ್ಯಾಡ್ ಬಿಗಿಸುವ ಟಿಚ್ ಬಟನ್ ಒಳಚಡ್ಡಿಯ ಹೊರಮೈಗೆ ಬರಬೇಕು. ಸೋರದಂತೆ ತಳಕ್ಕೆ ಹಾಕುವ ಪಾಲಿಯುರೆಥೇನ್ ಲೇಪಿತ ಬಟ್ಟೆ ಜೋರು ಸ್ರಾವದ ದಿನಗಳಿಗೆ ಅನುಕೂಲ, ಆದರೆ ಅದು ಕುದಿಸುವುದನ್ನೂ ಇಸ್ತ್ರಿಯನ್ನೂ ತಾಳದು. ತಪಾಸಣೆಯಲ್ಲಿ ವೈದ್ಯರು ಒಪ್ಪುವವರೆಗೆ, ಅಂದರೆ ಸುಮಾರು 6 ವಾರ, ಮುಟ್ಟಿನ ಕಪ್ ಆಗಲಿ ಟ್ಯಾಂಪೂನ್ ಆಗಲಿ ಬಳಸುವಂತಿಲ್ಲ. ಆಸ್ಪತ್ರೆಯಲ್ಲಿರುವ ಮೊದಲ ದಿನಗಳಲ್ಲಿ ಒಗೆಯಲು, ಒಣಗಿಸಲು ಜಾಗವಿರುವುದಿಲ್ಲ. ಆಗ ಬಳಸಿ ಎಸೆಯುವ ದೊಡ್ಡ ಪ್ಯಾಡೇ ಲೇಸು, ಬಟ್ಟೆಯದನ್ನು ಮನೆಗೆ ಬಂದ ಮೇಲೆ ಶುರು ಮಾಡಿದರಾಯಿತು.

ಒಗೆತ ತಣ್ಣೀರಿನಲ್ಲೇ ಶುರುವಾಗಬೇಕು. ಬಿಸಿನೀರು ಬಿದ್ದರೆ ರಕ್ತದ ಪ್ರೋಟೀನು ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಕೆಂಪು ಬಿಟ್ಟ ಮೇಲೆ ಸೋಪು ಹಾಕಿ, ನೊರೆ ಪೂರ್ತಿ ಹೋಗುವಂತೆ ಜಾಲಿಸಿ. ನಿಜವಾದ ಕಷ್ಟ ಇರುವುದು ಒಣಗಿಸುವುದರಲ್ಲಿ. ನಮ್ಮ ಎಷ್ಟೋ ಮನೆಗಳಲ್ಲಿ ಈ ಬಟ್ಟೆ ಗಂಡಸರ ಕಣ್ಣಿಗೆ ಬೀಳಬಾರದೆಂದು ಬಚ್ಚಲಿನ ಮೂಲೆಯಲ್ಲೋ ಲಂಗದ ಅಡಿಯಲ್ಲೋ ಒಣಗುತ್ತದೆ, ಅಥವಾ ಒಣಗುವುದೇ ಇಲ್ಲ. ತೇವ ಆರದ ಬಟ್ಟೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ, ಅದೇ ಬಟ್ಟೆ ಹಸಿ ಗಾಯವಿರುವ ಮೈಗೆ ಮರಳುತ್ತದೆ. ಇದನ್ನು ನೆನೆದರೆ ಸಂಕಟವಾಗುತ್ತದೆ. ಬಾಣಂತಿಯ ಬಟ್ಟೆಗೆ ಮನೆಯ ಹಗ್ಗದಲ್ಲಿ ಬಿಸಿಲು ಬೀಳುವ ಜಾಗ ಸಿಗಲೇಬೇಕು, ಅದನ್ನು ಹರವುವ ಕೆಲಸ ಗಂಡನೂ ಮಾಡಬಹುದು.

ಮಲೆನಾಡಿನ ಮಳೆಗಾಲದ ಹೆರಿಗೆಗೆ ಎಂಟು ಪದರ ಸೇರಿಸಿ ಹೊಲಿದ ಪ್ಯಾಡ್ ಸರಿಹೋಗದು, ನಡುವಿನ ತೇವ ಎರಡು ದಿನವಾದರೂ ಆರದು. ಬಿಚ್ಚಿ ಹರವಬಲ್ಲ, ಒಳಮಡಿಕೆ ಬೇರೆಯಾಗಿರುವ ಬಗೆಯನ್ನೇ ಆರಿಸಿ. ಬರೀ ಹತ್ತಿಯ ಒಳಮಡಿಕೆಯನ್ನು ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಬಹುದು. ನಾಲ್ಕು ಗಂಟೆಗೊಮ್ಮೆ ಬದಲಿಸಿದರೆ ದಿನಕ್ಕೆ 6 ಬೇಕು. ಬಿಸಿಲುಗಾಲದಲ್ಲಿ 12 ಇದ್ದರೆ ನಡೆಯುತ್ತದೆ, ಮಳೆಗಾಲಕ್ಕೆ 18 ಇರಲಿ. ಎಂಟನೇ ತಿಂಗಳಲ್ಲೇ ಕೊಂಡರೆ ಹೆರಿಗೆಯ ಹೊತ್ತಿಗೆ ಅವೆಲ್ಲ ನಾಲ್ಕು ಒಗೆತ ಕಂಡು, ಹೀರಲು ಸಿದ್ಧವಾಗಿರುತ್ತವೆ.