ಕತ್ತಲೆಕಾನಿಗೆ ಎಂತಹ ಕ್ಯಾಮರಾ?

ಛಾಯಾಗ್ರಹಣವನ್ನು ಹೊಸದಾಗಿ ಕಲಿಯಬೇಕೆಂಬ ಹಂಬಲವುಳ್ಳ ವಿದ್ಯಾರ್ಥಿಗಳು ಭೌತವಿಜ್ಞಾನದ ಅಧ್ಯಾಪಕರಾದ ನಮ್ಮನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಯಾವ ಡಿ.ಎಸ್.ಎಲ್.ಆರ್. ಕ್ಯಾಮರಾ ಕೊಳ್ಳಬಹುದು, ಸರ್? ಎಷ್ಟು ಮೆಗಾಪಿಕ್ಸೆಲ್ ಇದ್ದರೆ ಸಾಕು?" ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತರುಣ ತರುಣಿಯರಿಗೆ ಚಿತ್ರಿಸತಕ್ಕ ವಸ್ತುಗಳಿಗೇನೂ ಕೊರತೆಯಿಲ್ಲ. ಬನವಾಸಿಯ ದೇವಾಲಯವುಂಟು, ಉಂಚಳ್ಳಿ, ಮಾಗೋಡು, ಸಾತೊಡ್ಡಿ ಜಲಪಾತಗಳುಂಟು, ಅಘನಾಶಿನಿಯ ಕಣಿವೆಯಲ್ಲಿ ಸಿಂಗಳೀಕಗಳುಂಟು, ಊರೂರುಗಳಲ್ಲಿ ಬಡಗುತಿಟ್ಟಿನ ಆಟಗಳುಂಟು. ಕೊರತೆಯಿರುವುದು ಹಣಕ್ಕೆ. ಅಡಕೆಯ ಹಣ ಕೈಗೆ ಬಂದಾಗ ತಂದೆಯವರು ಮನಸ್ಸು ಮಾಡಿ ಕೊಡಿಸಿದ ಕ್ಯಾಮರಾ ನಾಲ್ಕೈದು ವರ್ಷವಾದರೂ ಬಾಳಬೇಕು. ಅದು ಕೆಲಸಕ್ಕೆ ಬಾರದೆ ಕಪಾಟು ಸೇರಿದರೆ ಎರಡನೆಯದನ್ನು ಯಾರೂ ಕೊಡಿಸುವುದಿಲ್ಲ. ಆದುದರಿಂದ ಈ ಪ್ರಶ್ನೆಗೆ ಅಂಗಡಿಯವರ ಉತ್ತರದ ಜೊತೆಗೆ ಭೌತವಿಜ್ಞಾನದ ಉತ್ತರವನ್ನೂ ಕೇಳಿಕೊಳ್ಳುವುದು ಲೇಸು.

ಮೆಗಾಪಿಕ್ಸೆಲ್ಲಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಎ4 ಅಳತೆಯ ಕಾಗದದ ಮೇಲೆ ಅಂಗುಲಕ್ಕೆ 300 ಚುಕ್ಕೆಗಳಂತೆ ಅಚ್ಚುಕಟ್ಟಾಗಿ ಮುದ್ರಿಸಲು 2480 × 3508, ಎಂದರೆ ಸುಮಾರು 87 ಲಕ್ಷ ಚುಕ್ಕೆಗಳು ಸಾಕು. 2018ರಲ್ಲಿ ಬಂದ ಕ್ಯಾನನ್ 1500ಡಿ ಎಂಬ ಆರಂಭಿಕರ ಕ್ಯಾಮರಾ 6000 × 4000, ಅಂದರೆ 2 ಕೋಟಿ 40 ಲಕ್ಷ ಚುಕ್ಕೆಗಳನ್ನು ಕೊಡುತ್ತದೆ. ಅದೇ ವರ್ಷದ ನಿಕಾನ್ ಡಿ3500 ಕೂಡ ಹೆಚ್ಚು ಕಡಿಮೆ ಅಷ್ಟೇ. ಬೇಕಾದುದಕ್ಕಿಂತ ಎರಡೂವರೆ ಪಟ್ಟು ಹೆಚ್ಚಾಗಿರುವ ಈ ಸಂಖ್ಯೆಯನ್ನು ಮರೆತುಬಿಡಬಹುದು. ಕೇಳಬೇಕಾದ ಪ್ರಶ್ನೆ ಬೇರೆ: ಈ ಯಂತ್ರವು ಎಷ್ಟು ಬೆಳಕನ್ನು ಹಿಡಿಯಬಲ್ಲುದು?

ಯಂತ್ರದ ರಚನೆ ಸರಳವಾದುದು. ಮುಂದಿನ ಮಸೂರವು ಹಿಂದಿನ ಸೆನ್ಸರ್ ಫಲಕದ ಮೇಲೆ ಪ್ರತಿಬಿಂಬವನ್ನು ಮೂಡಿಸುತ್ತದೆ. ಆದರೆ ನಾವು ಗುಂಡಿಯನ್ನೊತ್ತುವ ತನಕ ಇವೆರಡರ ನಡುವೆ 45 ಅಂಶ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತದೆ. ಅದು ಬೆಳಕನ್ನು ಮೇಲಕ್ಕೆ ಪ್ರತಿಫಲಿಸಿ, ಮೇಲಿರುವ ಮತ್ತೆ ಕೆಲವು ಕನ್ನಡಿಗಳ ಮೂಲಕ ನಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ಹೀಗೆ ಚಿತ್ರವನ್ನು ತೆಗೆಯುವ ಮಸೂರದಿಂದಲೇ ದೃಶ್ಯವನ್ನು ನೋಡುವುದು ಸಾಧ್ಯವಾಗುತ್ತದೆ. ಗುಂಡಿಯನ್ನೊತ್ತಿದೊಡನೆ ಕನ್ನಡಿ ಮೇಲಕ್ಕೇಳುತ್ತದೆ, ಶಟರು ತೆರೆದು ಮುಚ್ಚುತ್ತದೆ, ಕನ್ನಡಿ ಕೆಳಗಿಳಿಯುತ್ತದೆ. 'ಚಟ್' ಎಂಬ ಆ ಪ್ರಸಿದ್ಧ ಸದ್ದು ಇದರದೇ. ಸೆನ್ಸರಿಗೆ ಬೀಳುವ ಬೆಳಕನ್ನು ನಿಯಂತ್ರಿಸತಕ್ಕವು ಎರಡು: ಶಟರು ತೆರೆದಿರುವ ಕಾಲ, ಮಸೂರದೊಳಗಿನ ಅಪರ್ಚರ್ ಎಂಬ ಕಂಡಿಯ ಅಗಲ. ಮಸೂರದ ನಾಭಿದೂರವನ್ನು ಕಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್-ಸಂಖ್ಯೆ. ಸಂಖ್ಯೆ ಕಿರಿದಾದಷ್ಟೂ ಕಂಡಿ ಹಿರಿದು. ಬೆಳಕು ಈ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ.

ಇನ್ನು ಈ ಯಂತ್ರವನ್ನು ನಮ್ಮ ಸೀಮೆಯ ಬೆಳಕಿಗೆ ಒಡ್ಡಿ ನೋಡೋಣ. ನೆತ್ತಿಯ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಪ್ರಕಾಶವನ್ನು ಕೊಡುತ್ತದೆ. ಆ ಬಿಸಿಲಿನಲ್ಲಿ ಎಫ್ 16, ಐ.ಎಸ್.ಓ. 100 ಇಟ್ಟುಕೊಂಡರೆ ಶಟರು ಸೆಕೆಂಡಿನ ನೂರನೆಯ ಒಂದು ಭಾಗ ತೆರೆದರೆ ಸರಿಹೋಗುತ್ತದೆಂಬುದು ಛಾಯಾಗ್ರಾಹಕರ ಹಳೆಯ ಸೂತ್ರ. ಮಳೆಗಾಲದ ಮೋಡ ಕವಿದರೆ ಪ್ರಕಾಶವು ಹತ್ತು ಸಾವಿರ ಲಕ್ಸಿಗೆ ಇಳಿಯುತ್ತದೆ. ನಿತ್ಯಹರಿದ್ವರ್ಣದ ದಟ್ಟ ಕಾನಿನೊಳಕ್ಕೆ ಹೋದರೆ ಎಲೆಗಳ ಚಪ್ಪರವನ್ನು ದಾಟಿ ನೆಲಕ್ಕೆ ಮುಟ್ಟುವುದು ಅದರ ನೂರರಲ್ಲೊಂದು ಪಾಲು. ಉಳಿದದ್ದು ನೂರೇ ಲಕ್ಸ್. ಬಿಸಿಲಿನ ಸಾವಿರದಲ್ಲೊಂದು ಭಾಗ! ಸಿದ್ದಾಪುರ ತಾಲ್ಲೂಕಿನಲ್ಲಿ ರಾಮಪತ್ರೆಯ ಜಾತಿಯ ಮರಗಳ ಜೌಗು ಇರುವ ಕಾಡಿಗೆ ಹಿಂದಿನವರು ಕತ್ತಲೆಕಾನು ಎಂದು ಹೆಸರಿಟ್ಟರಷ್ಟೆ. ಅವರ ಬಳಿ ಪ್ರಕಾಶಮಾಪಕವಿರಲಿಲ್ಲ, ಆದರೂ ಅಳತೆ ತಪ್ಪಿಲ್ಲ.

ಕ್ಯಾಮರಾದೊಡನೆ ಸಾಮಾನ್ಯವಾಗಿ ಬರುವ 18ರಿಂದ 55 ಮಿಲಿಮೀಟರಿನ 'ಕಿಟ್' ಮಸೂರವನ್ನು ಪೂರ್ತಿ ಚಾಚಿದಾಗ ಅದರ ಅತ್ಯಂತ ದೊಡ್ಡ ಕಂಡಿ ಎಫ್ 5.6. ಮೇಲಿನ ಸೂತ್ರದಂತೆ ಲೆಕ್ಕ ಹಾಕಿದರೆ, ಕತ್ತಲೆಕಾನಿನಲ್ಲಿ ಐ.ಎಸ್.ಓ. 100ಕ್ಕೆ ಶಟರು ಒಂದೂಕಾಲು ಸೆಕೆಂಡು ತೆರೆದಿರಬೇಕು. ಕೈಯಲ್ಲಿ ಹಿಡಿದು ಇದನ್ನು ಸಾಧಿಸುವುದು ಅಸಾಧ್ಯ. ಆದರೆ ಕ್ಯಾಮರಾವನ್ನು ಟ್ರೈಪಾಡ್ ಎಂಬ ಮುಕ್ಕಾಲಿಯ ಮೇಲೆ ನಿಲ್ಲಿಸಿದರೆ? ಜೌಗಿನಲ್ಲಿ ಮೊಣಕಾಲಿನಂತೆ ಬಾಗಿ ಮೇಲೆದ್ದ ಬೇರುಗಳು ಒಂದೂಕಾಲು ಸೆಕೆಂಡಿನಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ! ನಿಶ್ಚಲವಾದ ವಸ್ತುಗಳಿಗೆ ಅಗ್ಗದ ಕ್ಯಾಮರಾ ಮತ್ತು ಅಗ್ಗದ ಮಸೂರವೂ ಬೆಲೆಬಾಳುವ ಯಂತ್ರಕ್ಕೆ ಹೆಚ್ಚೇನೂ ಸೋಲದ ಚಿತ್ರವನ್ನು ಕೊಡಬಲ್ಲುವು. ಮುಕ್ಕಾಲಿಗೆ ಹಣ ಹಾಕಲು ಹಿಂಜರಿಯುವ ಆರಂಭಿಕರನ್ನು ಕಂಡಾಗ ನಮಗೆ ಸೋಜಿಗವಾಗುತ್ತದೆ.

ತೊಂದರೆ ಬರುವುದು ಚಲಿಸುವ ವಸ್ತುಗಳಲ್ಲಿ. ಆಗ ಐ.ಎಸ್.ಓ.ವನ್ನು 6400ಕ್ಕೆ ಏರಿಸಿ ಶಟರನ್ನು ಸೆಕೆಂಡಿನ 50ನೆಯ ಒಂದು ಭಾಗಕ್ಕೆ ಇಳಿಸಬಹುದು. ಆದರೆ ಐ.ಎಸ್.ಓ. ಏರಿಸಿದರೆ ಬೆಳಕು ಹೆಚ್ಚುತ್ತದೆಂದು ಯಾರೂ ಭಾವಿಸಬಾರದು. ಬಂದ ಅಲ್ಪ ಬೆಳಕಿನ ಸಂಕೇತವು ವರ್ಧಿತವಾಗುತ್ತದೆ, ಅಷ್ಟೆ. ಬೆಳಕು ಫೋಟಾನುಗಳೆಂಬ ಕಣಗಳಾಗಿ ಬರುತ್ತದೆ, ಮತ್ತು ಹೆಂಚಿನ ಮೇಲಿನ ಮಳೆಹನಿಗಳಂತೆ ಎಲ್ಲೆಡೆಯೂ ಸಮನಾಗಿ ಬೀಳುವುದಿಲ್ಲ. ಒಂದು ಪಿಕ್ಸೆಲ್ಲಿನ ಮೇಲೆ ಸರಾಸರಿ 10,000 ಫೋಟಾನು ಬಿದ್ದರೆ ಅದರ ಏರಿಳಿತ ಅದರ ವರ್ಗಮೂಲದಷ್ಟು, ಎಂದರೆ 100. ಶೇಕಡ 1 ಮಾತ್ರ. ಕೇವಲ 100 ಬಿದ್ದರೆ ಏರಿಳಿತ 10, ಶೇಕಡ 10! ಐ.ಎಸ್.ಓ. 6400ರಲ್ಲಿ ಫೋಟಾನುಗಳು 64 ಪಟ್ಟು ಕಡಿಮೆ, ಏರಿಳಿತದ ಪ್ರಮಾಣ 8 ಪಟ್ಟು ಹೆಚ್ಚು. ಕತ್ತಲೆಯ ಚಿತ್ರಗಳು ರವೆ ಉದುರಿಸಿದಂತೆ ಕಾಳುಕಾಳಾಗಿ ಕಾಣುವುದಕ್ಕೆ ಮುಖ್ಯ ಕಾರಣ ತಯಾರಕರ ದೋಷವಲ್ಲ, ಬೆಳಕಿನ ಸ್ವಭಾವವೇ. ಹೆಚ್ಚು ಫೋಟಾನುಗಳನ್ನು ಒಳಕ್ಕೆ ಬಿಡುವುದೊಂದೇ ಇದಕ್ಕೆ ನಿಜವಾದ ಪರಿಹಾರ.

ಒಳಕ್ಕೆ ಬಿಡುವ ಬಾಗಿಲು ಎಷ್ಟಿದೆ? 55 ಮಿಲಿಮೀಟರಿನಲ್ಲಿ ಎಫ್ 5.6 ಎಂದರೆ ಕಂಡಿಯ ವ್ಯಾಸ ಹತ್ತೇ ಮಿಲಿಮೀಟರು. 50 ಮಿಲಿಮೀಟರು ಸ್ಥಿರ ನಾಭಿದೂರದ, ಎಫ್ 1.8ರ ಸಾಧಾರಣ ಮಸೂರದಲ್ಲಿ ಅದು 28 ಮಿಲಿಮೀಟರು. ಸೆನ್ಸರಿನ ಮೇಲೆ ಬೀಳುವ ಬೆಳಕು ಹತ್ತು ಪಟ್ಟು ಹೆಚ್ಚು! 50ನೆಯ ಒಂದು ಭಾಗದ ಕಡೆ 500ನೆಯ ಒಂದು ಭಾಗ ಸಿಕ್ಕಿತು. ಡಿ.ಎಸ್.ಎಲ್.ಆರ್. ಮಸೂರಗಳ ಪೈಕಿ ಅತ್ಯಂತ ಅಗ್ಗದವುಗಳಲ್ಲಿ ಇದೂ ಒಂದೆಂಬುದು ಸಂತೋಷದ ವಿಷಯ.

"ಕೈಯಲ್ಲಿರುವ ಫೋನೇ ಸಾಲದೆ?" ಎಂದು ತಂದೆಯವರು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ. 1500ಡಿಯ ಸೆನ್ಸರು 22.3 × 14.9 ಮಿಲಿಮೀಟರು, ಫೋನುಗಳಲ್ಲಿ ಕಾಣುವ ಅರ್ಧ ಅಂಗುಲ ವರ್ಗದ ಸೆನ್ಸರು ಸುಮಾರು 6.4 × 4.8. ವಿಸ್ತೀರ್ಣದಲ್ಲಿ ಕ್ಯಾಮರಾ ಹನ್ನೊಂದು ಪಟ್ಟು ದೊಡ್ಡದು. ಆದರೆ ಫೋನಿನ ಕಂಡಿ ಎಫ್ 1.8ರಷ್ಟಿದ್ದರೆ, 18 ಮಿಲಿಮೀಟರಿನಲ್ಲಿ ಕಿಟ್ ಮಸೂರದ ಕಂಡಿ ಎಫ್ 3.5 ಮಾತ್ರ. ಎರಡನ್ನೂ ಕೂಡಿಸಿ ನೋಡಿದಾಗ ವಿಶಾಲವಾದ ದೃಶ್ಯಗಳಲ್ಲಿ ಕ್ಯಾಮರಾಕ್ಕೆ ಉಳಿಯುವ ಲಾಭ ಮೂರು ಪಟ್ಟೂ ಇಲ್ಲ. ಫೋನು ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಆ ಕೊರತೆಯನ್ನೂ ತುಂಬಿಕೊಳ್ಳುತ್ತದೆ. ಆದುದರಿಂದ ಕಿಟ್ ಮಸೂರವೊಂದನ್ನೇ ಇಟ್ಟುಕೊಂಡು ಮನೆಯಂಗಳದ, ಗೆಳೆಯರ ಗುಂಪಿನ ಚಿತ್ರ ತೆಗೆಯುವವರಿಗೆ ಹೊಸ ಕ್ಯಾಮರಾ ಬೇಕಿಲ್ಲವೆಂದೇ ನಮ್ಮ ಅಭಿಪ್ರಾಯ. ಮಸೂರವನ್ನು ಬದಲಿಸುವ ಮನಸ್ಸಿದ್ದವರಿಗೆ ಮಾತ್ರ ಡಿ.ಎಸ್.ಎಲ್.ಆರ್. ತನ್ನ ಬೆಲೆಯನ್ನು ಹಿಂದಿರುಗಿಸುತ್ತದೆ.

ಆಟದ ರಂಗಸ್ಥಳಕ್ಕೆ ಬರೋಣ. ಅಲ್ಲಿ 500 ಲಕ್ಸ್ ಬೆಳಕಿದೆಯೆಂದು ಇಟ್ಟುಕೊಳ್ಳಿ. ವೇಷಧಾರಿಯು ಸೆಕೆಂಡಿಗೆ ಒಂದು ಸುತ್ತಿನಂತೆ ಮಂಡಿ ಹಾಕುತ್ತಿದ್ದರೆ, ಅಕ್ಷದಿಂದ ಅರ್ಧ ಮೀಟರು ದೂರವಿರುವ ಅವನ ಕೈಯ ವೇಗ ಸೆಕೆಂಡಿಗೆ ಮೂರು ಮೀಟರಿಗೂ ಮಿಗಿಲು. ಕಿಟ್ ಮಸೂರದಲ್ಲಿ ಐ.ಎಸ್.ಓ. 1600ಕ್ಕೆ ಸಿಗುವ ಕಾಲ ಸೆಕೆಂಡಿನ 60ನೆಯ ಒಂದು ಭಾಗ. ಅಷ್ಟರಲ್ಲಿ ಕೈ ಐದು ಸೆಂಟಿಮೀಟರು ಸರಿದು ಮಸಕಾಗುತ್ತದೆ. ಎಫ್ 1.8ರಲ್ಲಿ 600ನೆಯ ಒಂದು ಭಾಗ ಸಿಗುತ್ತದೆ. ಕೈ ಸರಿಯುವುದು ಅರ್ಧ ಸೆಂಟಿಮೀಟರು. ಹತ್ತು ಮೀಟರು ದೂರ ಕುಳಿತರೆ 50 ಮಿಲಿಮೀಟರಿನ ಮಸೂರಕ್ಕೆ ರಂಗಸ್ಥಳದ ನಾಲ್ಕೂವರೆ ಮೀಟರು ಅಗಲ ಕಾಣುತ್ತದೆ, ಮತ್ತು ಸುಮಾರು ಮೂರು ಮೀಟರು ಆಳದವರೆಗೆ ಎಲ್ಲವೂ ಸ್ಫುಟವಾಗಿರುತ್ತದೆ. ಎರಡೇ ಮೀಟರು ದೂರದಲ್ಲಿ ಚೌಕಿಮನೆಯ ಬಣ್ಣಗಾರಿಕೆಯನ್ನು ತೆಗೆಯುವಾಗ ಈ ಆಳ ಹನ್ನೊಂದು ಸೆಂಟಿಮೀಟರಿಗೆ ಇಳಿಯುತ್ತದೆ. ಕಣ್ಣಿಗೆ ಗುರಿಯಿಡದಿದ್ದರೆ ಕಿರೀಟ ಸ್ಫುಟವಾಗಿ ಮುಖ ಮಸಕಾದೀತು. (ಹಿಂದಿನ ಸಾಲಿನಿಂದ ಫ್ಲ್ಯಾಷ್ ಹೊಡೆಯುವವರು ವಿಲೋಮ ವರ್ಗ ನಿಯಮವನ್ನು ನೆನೆಯಬೇಕು. 1500ಡಿಯ ಒಳಗಿನ ಪುಟ್ಟ ಫ್ಲ್ಯಾಷು ಎಫ್ 5.6, ಐ.ಎಸ್.ಓ. 100ಕ್ಕೆ ಒಂದೂವರೆ ಮೀಟರು ದೂರ ಬೆಳಗುತ್ತದೆ. ಮುಂದೆ ಕುಳಿತವರ ತಲೆಗಳು ಮಾತ್ರ ಚೆನ್ನಾಗಿ ಬರುತ್ತವೆ.)

ಸಿಂಗಳೀಕದ ಮಾತು ಬೇರೆ. ಇಪ್ಪತ್ತು ಮೀಟರು ಎತ್ತರದ ಕೊಂಬೆಯಲ್ಲಿರುವ ಅರ್ಧ ಮೀಟರಿನ ಪ್ರಾಣಿ 50 ಮಿಲಿಮೀಟರಿನ ಮಸೂರದಲ್ಲಿ 340 ಪಿಕ್ಸೆಲ್ ಉದ್ದಕ್ಕೆ ಬರುತ್ತದೆ. 250 ಮಿಲಿಮೀಟರಿನ ದೂರಮಸೂರದಲ್ಲಿ 1700. ಆದರೆ ಅಗ್ಗದ ದೂರಮಸೂರದ ಕಂಡಿ ಮತ್ತೆ ಎಫ್ 5.6, ಕೈಯಲುಗಾಟವನ್ನು ತಪ್ಪಿಸಲು ಬೇಕಾದದ್ದು 400ನೆಯ ಒಂದು ಭಾಗ. ಕಾನಿನ ನೆಲದ ಬೆಳಕಿನಲ್ಲಿ ಇದು ಆಗದ ಕೆಲಸ. ಸಿಂಗಳೀಕಗಳು ಬಹುಕಾಲ ಮರಗಳ ಮೇಲ್ಮಟ್ಟದಲ್ಲೇ ಕಳೆಯುವುದು ನಮ್ಮ ಪುಣ್ಯ. ಅಲ್ಲಿ ಬೆಳಕು ಹೆಚ್ಚು. ಆಕಾಶದ ಹಿನ್ನೆಲೆಯಲ್ಲಿ ಕರಿಯ ಪ್ರಾಣಿ ಬರಿಯ ನೆರಳಾಗಿ ಬಾರದಂತೆ ಕ್ಯಾಮರಾ ತಾನಾಗಿ ಆರಿಸಿದ್ದಕ್ಕಿಂತ ಎರಡು ಪಟ್ಟು ಬೆಳಕನ್ನು ಕೊಡಬೇಕು.

ಜಲಪಾತಕ್ಕೆ ಕಿಟ್ ಮಸೂರ ಧಾರಾಳವಾಗಿ ಸಾಕು. ಸಾತೊಡ್ಡಿಯ ಎತ್ತರ 15 ಮೀಟರು. ಗಾಳಿಯ ತಡೆಯನ್ನು ಬಿಟ್ಟರೆ ಬುಡದಲ್ಲಿ ನೀರಿನ ವೇಗ ಸೆಕೆಂಡಿಗೆ 17 ಮೀಟರು. ಸಾವಿರದ ಒಂದು ಭಾಗದಲ್ಲಿ ಹನಿಹನಿಯೂ ಬೇರೆಯಾಗಿ ಕಾಣುತ್ತದೆ, ಐದರ ಒಂದು ಭಾಗದಲ್ಲಿ ರೇಷ್ಮೆಯ ಎಳೆಯಾಗುತ್ತದೆ. ಎರಡನೆಯದಕ್ಕೆ ಮೋಡ ಕವಿದ ದಿನವೇ ಲೇಸು.

ಇನ್ನು ಚಲಚ್ಚಿತ್ರ. ಇಲ್ಲಿ ನಮ್ಮ ತೀರ್ಪು ಕಠಿಣವಾದುದು. ವಿಡಿಯೋ ತೆಗೆಯುವಾಗ ಕನ್ನಡಿ ಮೇಲಕ್ಕೆದ್ದೇ ಇರಬೇಕಾದ್ದರಿಂದ ಕಣ್ಣಿನ ಕಿಂಡಿ ಕತ್ತಲಾಗುತ್ತದೆ. ಕನ್ನಡಿಯ ನೆರವಿನಿಂದ ಕ್ಷಣಾರ್ಧದಲ್ಲಿ ಗುರಿಯಿಡುತ್ತಿದ್ದ ಯಂತ್ರಾಂಗವೂ ಕುರುಡಾಗುತ್ತದೆ. ಎಂದರೆ ಡಿ.ಎಸ್.ಎಲ್.ಆರ್. ತನ್ನ ವೈಶಿಷ್ಟ್ಯವನ್ನೇ ಕಳೆದುಕೊಳ್ಳುತ್ತದೆ. 1500ಡಿಯಲ್ಲಿ ಓಡಾಡುವ ವೇಷಧಾರಿಯನ್ನು ತಾನಾಗಿ ಹಿಂಬಾಲಿಸಿ ಸ್ಫುಟಗೊಳಿಸುವ ಏರ್ಪಾಡಿಲ್ಲ. ಹೊರಗಿನ ಮೈಕನ್ನು ಜೋಡಿಸುವ ತೂತೂ ಇಲ್ಲ. ಡಿ3500ರಲ್ಲೂ ಮೈಕಿಗೆ ಜಾಗವಿಲ್ಲ. ವಿಡಿಯೋವೇ ಮುಖ್ಯವಾದವರು ಇವೆರಡನ್ನೂ ಬಿಟ್ಟು, ಸೆನ್ಸರಿನ ಮೇಲೆಯೇ ಗುರಿ ಹಿಡಿಯುವ, ಮೈಕಿನ ತೂತುಳ್ಳ ಕ್ಯಾನನ್ 200ಡಿಯಂತಹುದನ್ನೋ ಕನ್ನಡಿಯಿಲ್ಲದ ಹೊಸ ಮಾದರಿಯ ಕ್ಯಾಮರಾವನ್ನೋ ನೋಡಬೇಕು. ಈಗಾಗಲೇ 1500ಡಿ ಇದ್ದವರಿಗೆ ಒಂದು ಉಪಾಯವುಂಟು. ಭಾಗವತರ ಹತ್ತಿರ ಫೋನನ್ನಿಟ್ಟು ಧ್ವನಿಯನ್ನು ಬೇರೆಯಾಗಿ ಮುದ್ರಿಸಿಕೊಂಡು, ಆರಂಭದಲ್ಲಿ ಒಂದು ಚಪ್ಪಾಳೆ ಹೊಡೆದು, ಆಮೇಲೆ ಚಿತ್ರವನ್ನೂ ಧ್ವನಿಯನ್ನೂ ಅದಕ್ಕೆ ಸರಿಯಾಗಿ ಕೂಡಿಸಬಹುದು.

ವಿಡಿಯೋ ತೆಗೆಯುವವರು ತಿಳಿದಿರಬೇಕಾದ ಇನ್ನೊಂದು ವಿಷಯವುಂಟು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು, ಕೆಲವು ಎಲ್.ಇ.ಡಿ. ದೀಪಗಳು ಅದರಿಂದ ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಅದು ತಿಳಿಯದು. ಆದರೆ ಸೆನ್ಸರು ಸಾಲುಸಾಲಾಗಿ ಓದುತ್ತ ಹೋಗುವುದರಿಂದ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ಕ್ಯಾಮರಾದಲ್ಲಿ 'ಪಾಲ್' ಪದ್ಧತಿಯನ್ನು ಆರಿಸಿ, ಸೆಕೆಂಡಿಗೆ 25 ಚಿತ್ರಗಳನ್ನೂ 50ನೆಯ ಒಂದು ಭಾಗದ ಶಟರನ್ನೂ ಇಟ್ಟರೆ ಪ್ರತಿಯೊಂದು ಸಾಲಿಗೂ ಸರಿಯಾಗಿ ಎರಡು ಮಿಣುಕುಗಳ ಬೆಳಕು ಸಿಕ್ಕಿ ಪಟ್ಟೆಗಳು ಮಾಯವಾಗುತ್ತವೆ.

ಹಾಗಾದರೆ ಏನನ್ನು ಕೊಳ್ಳಬೇಕು? ಸ್ಥಿರಚಿತ್ರಗಳಿಗೆ 1500ಡಿ ಇಂದಿಗೂ ಸಾಕಾದ ಯಂತ್ರವೆಂದೇ ಹೇಳುತ್ತೇವೆ. ಡಿ3500ರ ತಯಾರಿಕೆ ನಿಂತಿದೆ. ತಯಾರಕರ ಲಕ್ಷ್ಯವೆಲ್ಲ ಈಗ ಕನ್ನಡಿಯಿಲ್ಲದ ಕ್ಯಾಮರಾಗಳ ಕಡೆಗಿದೆ. ಆದ್ದರಿಂದ ಬಳಸಿದ ಡಿ.ಎಸ್.ಎಲ್.ಆರ್.ಗಳು ಮಾರಾಟಕ್ಕೆ ಬರುತ್ತಿರುತ್ತವೆ. ಎರಡು ಮಸೂರಗಳ ಹೊಸ ಕಟ್ಟಿಗೆ ಹಣ ಸುರಿಯುವುದಕ್ಕಿಂತ ಬಳಸಿದ ಕ್ಯಾಮರಾವನ್ನು ಕೊಂಡು, ಉಳಿದ ಹಣದಲ್ಲಿ ಎಫ್ 1.8ರ ಮಸೂರ ಮತ್ತು ಗಟ್ಟಿಯಾದ ಮುಕ್ಕಾಲಿಯನ್ನು ಪಡೆಯುವುದು ಜಾಣತನ. ನಿಕಾನಿನ ಈ ವರ್ಗದ ಕ್ಯಾಮರಾಗಳೊಳಗೆ ಗುರಿಯಿಡುವ ಮೋಟಾರಿಲ್ಲದ ಕಾರಣ ಮೋಟಾರುಳ್ಳ ಮಸೂರವನ್ನೇ ಕೇಳಿ ತೆಗೆದುಕೊಳ್ಳಬೇಕು.

ಬಳಸಿದ ಮಸೂರವನ್ನು ಕೊಳ್ಳುವ ಮುನ್ನ ಕಂಡಿಯನ್ನು ಪೂರ್ತಿ ತೆರೆದು, ಒಂದು ಬದಿಯಿಂದ ಬ್ಯಾಟರಿಯ ಬೆಳಕನ್ನು ಓರೆಯಾಗಿ ಹಾಯಿಸಿ ಇನ್ನೊಂದು ಬದಿಯಿಂದ ನೋಡಿರಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಸು. ಬಹುಕಾಲ ಉಳಿದರೆ ಗಾಜಿನ ಲೇಪವನ್ನೇ ಕೊರೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲವೂ ಬೂಸು ಹಿಡಿಯುವುದನ್ನು ಎಲ್ಲರೂ ಬಲ್ಲರು. ಜೂನಿನಿಂದ ಸೆಪ್ಟೆಂಬರಿನವರೆಗೆ ಕ್ಯಾಮರಾವನ್ನು ಚೀಲದಲ್ಲಿಡದೆ, ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಹರಳುಗಳೊಡನೆ ಇಡಬೇಕು. ಅಕ್ಕಿಯ ಡಬ್ಬಿ ಬೇಡ. ಅಕ್ಕಿ ತೇವವನ್ನು ಹೀರುವುದು ಅಲ್ಪ, ಅದರ ಹುಡಿ ಮಾತ್ರ ಮಸೂರದ ಸಂದುಗಳಿಗೆ ಸೇರುತ್ತದೆ. ಡಬ್ಬಿಯೊಳಗೆ ಒಂದು ಸಣ್ಣ ಆರ್ದ್ರತಾಮಾಪಕವನ್ನಿಟ್ಟು ಸಾಪೇಕ್ಷ ಆರ್ದ್ರತೆ ಶೇಕಡ 40ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳಬೇಕು. ಹರಳುಗಳ ಬಣ್ಣ ಬದಲಾದಾಗ ಅವನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು.