ಹಡಗು ದಡಕ್ಕೆ ಬಂತು, ನಾವಿಕ ಯಾಕೆ ಇಳಿಯಲಿಲ್ಲ?

ಪಣಂಬೂರು ಬೀಚಿನಲ್ಲಿ ನಿಂತರೆ ದೂರದಲ್ಲಿ ಲಂಗರು ಹಾಕಿದ ಹಡಗುಗಳು ಕಾಣುತ್ತವೆ. ಅದರಲ್ಲಿರೋದು ಕಚ್ಚಾ ತೈಲವೋ ಕಲ್ಲಿದ್ದಲೋ ಅಂತ ನೋಡುವವರು ಊಹಿಸ್ತಾರೆ. ಒಳಗಿರುವ ಇಪ್ಪತ್ತು ಇಪ್ಪತ್ತೈದು ಜನ ನೆಲ ಮುಟ್ಟಿ ಎಷ್ಟು ದಿನವಾಯಿತು ಅನ್ನುವುದು ಮಾತಿಗೇ ಬರುವುದಿಲ್ಲ.

ನನ್ನ ಚಿಕ್ಕಪ್ಪನ ಮಗ ಬಹಳ ವರ್ಷ ಹಡಗಿನಲ್ಲಿ ದುಡಿದವನು. ಬಂದರು ಸೇರಿದ ಕೂಡಲೇ ನಿಮಗೆ ಬೇಕಾಗೋದು ಏನು ಅಂತ ಒಮ್ಮೆ ಕೇಳಿದ್ದೆ. "ಗೇಟಿನವರೆಗೆ ಕರ್ಕೊಂಡು ಹೋಗ್ಲಿಕ್ಕೆ ಒಂದು ವ್ಯಾನು ಸಿಕ್ಕಿದ್ರೆ ಸಾಕು ಮಾರಾಯ, ಮತ್ತಿನದ್ದೆಲ್ಲ ಆಮೇಲೆ" ಅಂದ.

ಅವನು ಹೇಳಿದ್ದಕ್ಕೆ ಕಾರಣ ಇದೆ. ದೊಡ್ಡ ಕಂಟೇನರ್ ಬಂದರುಗಳಲ್ಲಿ ಸುರಕ್ಷತೆಯ ದೃಷ್ಟಿಯಿಂದ ನಡೆದು ಹೋಗಲು ಬಿಡುವುದಿಲ್ಲ. ಹಡಗಿನಿಂದ ಗೇಟಿಗೆ ಕೆಲವೊಮ್ಮೆ ಕಿಲೋಮೀಟರುಗಟ್ಟಲೆ ದೂರ. ಎಷ್ಟೋ ಹಡಗುಗಳು ಒಂದು ದಿನದೊಳಗೆ ಸರಕು ಇಳಿಸಿ ಹೊರಟುಬಿಡ್ತವೆ. ಡ್ಯೂಟಿ ಮುಗಿಸಿದವನಿಗೆ ಸಿಗೋದು ಮೂರ್ನಾಲ್ಕು ಗಂಟೆ, ಅಷ್ಟೇ. ಅಮೆರಿಕದ 2001ರ ದಾಳಿಯ ನಂತರ ರೂಪಿಸಿದ ಭದ್ರತಾ ಸಂಹಿತೆ 2004ರಲ್ಲಿ ಜಾರಿಯಾದ ಮೇಲೆ ಗೇಟುಗಳು ಇನ್ನಷ್ಟು ಬಿಗಿಯಾದವು. ಅಮೆರಿಕದ ಬಂದರಿನಲ್ಲಂತೂ ವೀಸಾ ಇಲ್ಲದ ನಾವಿಕ ಹಡಗಿನಿಂದ ಇಳಿಯುವಂತೆಯೇ ಇಲ್ಲ.

ಹಾಗಾದರೆ ಆ ವ್ಯಾನು ಓಡಿಸುವವರು ಯಾರು? ಜಗತ್ತಿನ ಹೆಚ್ಚಿನ ಬಂದರುಗಳಲ್ಲಿ ದಾನಧರ್ಮದ ಸಂಸ್ಥೆಗಳು. ಜಾನ್ ಆ್ಯಶ್ಲಿ ಎಂಬ ಪಾದ್ರಿ 1835ರಲ್ಲಿ ಬ್ರಿಸ್ಟಲ್ ಕಡಲ್ಗಾಲುವೆಯಲ್ಲಿ ನಿಂತ ಹಡಗುಗಳಿಗೆ ದೋಣಿಯಲ್ಲಿ ಹೋಗಿ ಬರತೊಡಗಿದರು. ಆ ಕೆಲಸದಿಂದಲೇ 1856ರಲ್ಲಿ ಈಗಿನ ಮಿಷನ್ ಟು ಸೀಫೇರರ್ಸ್ ಹುಟ್ಟಿತು. ಸ್ಟೆಲ್ಲಾ ಮಾರಿಸ್ ಶುರುವಾಗಿದ್ದು 1920ರಲ್ಲಿ, ಗ್ಲಾಸ್ಗೋದಲ್ಲಿ. ಹಿಂದೆ ಧರ್ಮಗ್ರಂಥ ಹಂಚುತ್ತಿದ್ದವರು ಇವತ್ತು ಸಿಮ್ ಕಾರ್ಡು, ವೈಫೈ, ಬಿಸಿ ಚಹಾ ಕೊಡ್ತಾರೆ. ಬಂದವನ ಧರ್ಮ ಯಾವುದು ಅಂತ ಕೇಳುವುದಿಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಕಡಲ ಕಾರ್ಮಿಕ ಒಪ್ಪಂದ 2013ರಲ್ಲಿ ಜಾರಿಗೆ ಬಂತು, ಭಾರತ ಅದನ್ನು 2015ರಲ್ಲಿ ಅನುಮೋದಿಸಿತು. ದಡದ ಮೇಲಿನ ಸೌಲಭ್ಯಗಳು ಎಲ್ಲ ದೇಶದ ನಾವಿಕರಿಗೂ ಸುಲಭವಾಗಿ ಸಿಗಬೇಕು ಅನ್ನುತ್ತದೆ ಅದು. ಆದರೆ ಅಲ್ಲೊಂದು ಪುಟ್ಟ ಷರತ್ತಿದೆ: ಅಂಥ ಸೌಲಭ್ಯ 'ಇರುವ ಕಡೆ'. ಇಲ್ಲದ ಕಡೆ ಸರ್ಕಾರ 'ಉತ್ತೇಜನ' ಕೊಡಬೇಕು. ಈ ಎರಡು ಪದಗಳ ಸಂದಿಯಲ್ಲೇ ನಾವಿಕ ಸಿಕ್ಕಿಕೊಂಡಿರುವುದು ಅಂತ ನನಗನ್ನಿಸುತ್ತದೆ. ಕಟ್ಟಲೇಬೇಕು ಅಂತ ಯಾರ ಮೇಲೂ ಹೊಣೆ ಇಲ್ಲ. ಹಾಗಾಗಿ ಚಂದಾ ಎತ್ತುವವರು ಇದ್ದಲ್ಲಿ ವ್ಯಾನು ಬರುತ್ತೆ, ಇಲ್ಲದಲ್ಲಿ ಇಲ್ಲ.

ಎಲ್ಲ ಸರಿಯಿದ್ದಾಗ ಇದು ಬೇಸರದ ವಿಷಯ, ಮಾಲೀಕ ಕೈಬಿಟ್ಟಾಗ ಜೀವದ ವಿಷಯ. 2017ರಲ್ಲಿ ಈಜಿಪ್ಟಿನ ಅಡಬಿಯಾ ಬಂದರಿನಲ್ಲಿ ಅಮಾನ್ ಎಂಬ ಹಡಗನ್ನು ತಡೆಹಿಡಿದರು. ಕೋರ್ಟು ಸಿರಿಯಾದ ಒಬ್ಬ ಅಧಿಕಾರಿಯನ್ನು ಆ ಹಡಗಿನ ಕಾನೂನುಬದ್ಧ ಪಾಲಕ ಅಂತ ಘೋಷಿಸಿತು. ಉಳಿದವರೆಲ್ಲ ಒಬ್ಬೊಬ್ಬರೇ ಹೋದರು, ಆತ ಕತ್ತಲೆಯ ಹಡಗಿನಲ್ಲಿ ಒಬ್ಬನೇ ಉಳಿದ. ಬಿರುಗಾಳಿಗೆ ಹಡಗು ದಡದ ಹತ್ತಿರ ಬಂದ ಮೇಲೆ ಊಟ ತರಲು, ಫೋನ್ ಚಾರ್ಜ್ ಮಾಡಲು ಈಜಿಕೊಂಡು ಹೋಗಿ ಬರುತ್ತಿದ್ದ. ಮನೆಗೆ ಮರಳಿದ್ದು 2021ರ ಏಪ್ರಿಲಿನಲ್ಲಿ, ನಾವಿಕರ ಕಾರ್ಮಿಕ ಒಕ್ಕೂಟ ಬೆನ್ನಿಗೆ ನಿಂತ ಮೇಲೆ. ಕೊರೋನಾ ಕಾಲದಲ್ಲಂತೂ ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಹಡಗಿನಲ್ಲೇ ಸಿಕ್ಕಿಬಿದ್ದಿದ್ದರು.

ಹಾಗಂತ ದಾನದ ಸಂಸ್ಥೆಗಳು ಬೇಡ ಅಂತಲ್ಲ. ಹಡಗು ಹತ್ತಿ "ಊಟ ಆಯ್ತಾ, ಮನೆಗೆ ಫೋನ್ ಮಾಡಿದ್ರಾ" ಅಂತ ಕೇಳುವ ಕೆಲಸ ಸರ್ಕಾರಿ ಇಲಾಖೆಯಿಂದ ಆಗುವಂಥದ್ದಲ್ಲ. ಆದರೆ ವ್ಯಾನಿನ ಡೀಸೆಲ್ಲಿಗೂ ಅವರೇ ಕೈಚಾಚಬೇಕೇ? ಹಡಗುಗಳಿಂದ ಸಣ್ಣ ಸುಂಕ ಎತ್ತಿ ಈ ಸೇವೆಗೆ ಕೊಡಬಹುದು ಅಂತ ಅದೇ ಒಪ್ಪಂದದ ಮಾರ್ಗಸೂಚಿಯಲ್ಲಿದೆ. ಪೈಲಟ್‌ಗೆ, ಟಗ್ ದೋಣಿಗೆ, ಕಟ್ಟೆಯಲ್ಲಿ ನಿಂತದ್ದಕ್ಕೆ ಅಂತ ಪ್ರತಿ ಹಡಗಿನ ಬಿಲ್ಲಿನಲ್ಲಿ ಈಗಲೇ ಹಲವು ಸಾಲುಗಳಿರುತ್ತವೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲು ನಮ್ಮ ಬಂದರುಗಳಿಗೆ ಹೊಸ ಕಾಯ್ದೆಯೇನೂ ಬೇಕಿಲ್ಲ, ಮೊದಲಿಗೆ ಅದನ್ನು ಸ್ವಯಂಪ್ರೇರಿತ ವಂತಿಗೆ ಅಂತಲೇ ಶುರುಮಾಡಬಹುದು.